ಕೆಂಪು ಚುಕ್ಕಿ ಇಟ್ಟ ಬೆಸುಗೆ

ನಮ್ಮವರಿಗೆ ಬೀದಿಯವರು ಇಟ್ಟ ಹೆಸರು ಅನುಮಾನಪ್ಪ. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ, ಬೆನ್ನ ಹಿಂದೆ ಬೇರೆ ಹೆಸರಿನಿಂದ ಕರೆಯುವುದಿಲ್ಲ. ಮೂವತ್ತಾರು ವರ್ಷ ಸಂಸಾರ ಮಾಡಿದ ಹೆಂಡತಿಯಾಗಿ ನನಗೆ ಕೋಪ ಬರಬೇಕಿತ್ತು, ಬಂದಿಲ್ಲ. ಹಾಲಿನ ಪಾತ್ರೆಗೆ ಪೆನ್ಸಿಲ್ ಗೆರೆ ಎಳೆದಿಟ್ಟು, ಬೆಕ್ಕು ಕುಡಿಯಿತೋ ಹೆಂಡತಿ ಕುಡಿದಳೋ ಎಂದು ಬೆಳಗ್ಗೆ ಎದ್ದು ನೋಡುವ ಗಂಡಸನ್ನು ಇನ್ನೇನೆಂದು ಕರೆಯಬೇಕು ಹೇಳಿ.

ಅವರದು ದನಿ ಬರುವ ಪೆಟ್ಟಿಗೆಗಳ ರಿಪೇರಿ. ಹಳೆಯ ರೇಡಿಯೋ, ಮೈಕ್ ಸೆಟ್ಟು, ಗಿಟಾರಿನವರ ಆಂಪ್ಲಿಫೈಯರು. ಅದರಲ್ಲೂ ವಾಲ್ವ್ ಇರುವಂಥವೆಂದರೆ ಪ್ರಾಣ. ಸ್ವಿಚ್ ಹಾಕಿದ ಮೇಲೆ ಗಾಜಿನ ಬುರುಡೆಗಳು ಒಳಗೇ ಕೆಂಪಗಾಗಿ, ಅರ್ಧ ನಿಮಿಷ ಕಾಯಿಸಿ, ಆಮೇಲೆ ದನಿ ಬಿಡುವ ಹಳೆಯ ಕಾಲದ ಯಂತ್ರಗಳು ಅವು. ಮನೆಯ ಮುಂದಿನ ಕೋಣೆಯೇ ಅಂಗಡಿ. ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಾರೆ, ಆದರೆ ಮೇಜಿನ ಮೇಲೆ ಒಂದು ಕನ್ನಡಿ ಒರಗಿಸಿದ್ದಾರೆ. ಮುಖ ನೋಡಿಕೊಳ್ಳಲು ಅಲ್ಲ. ಹಿಂದೆ ಯಾರು ಬಂದರು, ಏನು ಮುಟ್ಟಿದರು ಎಂದು ನೋಡಲು. ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿ ನನ್ನ ಹೊಲಿಗೆ ಮೆಷೀನು. ಪೆಟ್ಟಿಗೆಗಳಿಗೆ ಗವಸು ಹೊಲಿಯುವುದು, ಸ್ಪೀಕರಿನ ಮುಂದಿನ ಹರಿದ ಬಟ್ಟೆ ಬದಲಿಸುವುದು ನನ್ನ ಪಾಲಿನ ಕೆಲಸ. ಬಟ್ಟೆ ಯಾವುದೇ ಇರಲಿ, ಎರಡೂ ಅಂಚು ಒಳಕ್ಕೆ ಸೇರಿಸಿ ಮೂರು ಮಡಿಕೆ ಮಾಡಿ ಇಡದಿದ್ದರೆ ನನ್ನ ಕೈಗೆ ಸಮಾಧಾನವಿಲ್ಲ. ಅವರಿಗೆ ಅವರ ಹುಚ್ಚು, ನನಗೆ ನನ್ನದು.

ಅವರ ದೊಡ್ಡ ಹುಚ್ಚು ಕೆಂಪು ಚುಕ್ಕಿಯದು. ತಾವು ಬೆಸುಗೆ ಹಾಕಿದ ಕಡೆಯಲ್ಲೆಲ್ಲ ಒಂದೊಂದು ಹನಿ ನೈಲ್ ಪಾಲಿಶ್ ಇಡುತ್ತಾರೆ. ಮೊದಲು ನನ್ನ ಬಾಟಲಿಯನ್ನೇ ಎತ್ತಿಕೊಂಡು ಹೋಗಿ ಶುರು ಮಾಡಿದ್ದು. ನಾನು ಉಗುರಿಗೆ ಹಚ್ಚುವುದು ಬಿಟ್ಟು ಎಷ್ಟೋ ಕಾಲವಾಯಿತು, ಬಾಟಲಿ ತರುವುದು ಮಾತ್ರ ನಿಂತಿಲ್ಲ.

"ಇದು ನನ್ನ ಮೊಹರು ಕಣೇ. ಇನ್ನೊಬ್ಬ ಕೈ ಹಾಕಿದ್ರೆ ಒಡೆದಿರುತ್ತೆ, ಸಿಕ್ಕಿಬೀಳ್ತಾನೆ" ಎನ್ನುತ್ತಾರೆ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವ ಗಾದೆಯನ್ನು ಮಾಡಿದವರು ನಮ್ಮವರನ್ನು ನೋಡಿಯೇ ಮಾಡಿರಬೇಕು. ವೈರನ್ನು ನಂಬುವುದಿಲ್ಲ, ಕರೆಂಟನ್ನು ನಂಬುವುದಿಲ್ಲ, ಗಿರಾಕಿಯನ್ನಂತೂ ಮೊದಲೇ ಇಲ್ಲ. ಆದರೆ ಕೆಂಪು ಚುಕ್ಕಿ ಕಂಡಿತೋ, ಅಲ್ಲಿಗೆ ಅನುಮಾನ ಮುಗಿಯಿತು. ಅದನ್ನು ದಾಟಿ ಮುಂದಿನದಕ್ಕೆ ಹೋಗುತ್ತಾರೆ.

ಈಗ ನನ್ನ ತಮ್ಮನ ವಿಷಯ. ಏಳು ವರ್ಷ ಅವನು ಇದೇ ಮನೆಯಲ್ಲಿದ್ದು, ಇದೇ ಅಂಗಡಿಯಲ್ಲಿ ಭಾವನ ಜೊತೆ ಸಮ ಸಮ ದುಡಿದ. ಹನ್ನೊಂದು ವರ್ಷದ ಹಿಂದೆ ಒಂದು ವಾದ್ಯತಂಡದ ಯಜಮಾನ ತನ್ನ ಆಂಪ್ಲಿಫೈಯರ್ ಕೊಟ್ಟ. ನಮ್ಮವರು ರಿಪೇರಿ ಮಾಡಿದರು, ನಾನು ಮುಂದಿನ ಬಟ್ಟೆ ಹೊಸದು ಹಾಕಿದೆ, ತಮ್ಮ ಧೂಳು ಒರೆಸಿ ಆಟೋದಲ್ಲಿ ಕೊಂಡೊಯ್ದು ಮುಟ್ಟಿಸಿ ಬಂದ. ಎರಡು ವಾರಕ್ಕೆ ಯಜಮಾನನ ಫೋನು: "ಸದ್ದು ಸತ್ತೋಗಿದೆ. ವಾಲ್ವ್ ತೆಗೆದು ನೋಡಿದ್ರೆ ಕಂಪನಿ ಹೆಸರೇ ಇಲ್ಲ. ಹಳೇ ಒಳ್ಳೇ ವಾಲ್ವ್ ಎಗರಿಸಿ ಯಾವ್ದೋ ಕಸ ಹಾಕಿದ್ದೀರಾ. ನಿಮ್ಮ ಅಂಗಡಿ ಸಹವಾಸವೇ ಬೇಡ." ಪೆಟ್ಟಿಗೆಯನ್ನು ವಾಪಸು ತರಲೂ ಇಲ್ಲ, ತೋರಿಸಲೂ ಇಲ್ಲ.

ನಮ್ಮವರು ಫೋನು ಇಟ್ಟು ತಮ್ಮನ ಕಡೆ ತಿರುಗಿದರು. ಅಂಥ ಹಳೆಯ ವಾಲ್ವ್‌ಗಳಿಗೆ ಆಸೆಪಡುವವರು ಬಹಳ, ಅದು ತಮ್ಮನಿಗೂ ಗೊತ್ತಿದ್ದ ವಿಷಯ.

"ಒದ್ದೆ ಬಟ್ಟೇಲಿ ಒರೆಸಿದೆ ಭಾವ, ಅಕ್ಷರ ಅಳಿಸಿಹೋಯ್ತು. ಅಷ್ಟೇ" ಎಂದ ಅವನು.

"ಅಕ್ಷರ ಅಳಿಸಿದ್ರೆ ಸದ್ದು ಯಾಕೋ ಅಳಿಸುತ್ತೆ?" ಎಂದರು ಇವರು.

ಅದೇ ಸಂಜೆ ಅವನು ಚೀಲ ಹೆಗಲಿಗೇರಿಸಿಕೊಂಡು ಹೋದವನು ಮತ್ತೆ ಈ ಹೊಸ್ತಿಲು ತುಳಿಯಲಿಲ್ಲ. ನನ್ನ ಮಗಳ ಮದುವೆಗೂ ಬರಲಿಲ್ಲ. ಒಂದು ಗೋಡೆ ಗಡಿಯಾರ ಕಳಿಸಿದ. ನಮ್ಮವರು ಅದರ ಬೆನ್ನು ಬಿಚ್ಚಿ, ಒಳಗಿನ ಯಂತ್ರ ಹೊಸದೋ ಹಳೆಯದೋ ಎಂದು ನೋಡಿದರು. ತಮ್ಮ ಈಗ ಬಸ್ ನಿಲ್ದಾಣದ ಹತ್ತಿರ ಬೀಗದ ಕೈ ಮಾಡುವ ಅಂಗಡಿ ಇಟ್ಟಿದ್ದಾನೆ. ಊರಿಗೂರೇ ಮನೆ ಬೀಗದ ಕೈಯನ್ನು ಅವನ ಕೈಗೆ ಕೊಟ್ಟು, ಕಾಫಿ ಕುಡಿದು ಬರುತ್ತೇನೆ ಎಂದು ಹೋಗುತ್ತದೆ. ಸ್ವಂತ ಭಾವ ನಾಲ್ಕು ಗಾಜಿನ ಬುರುಡೆಯ ವಿಷಯದಲ್ಲಿ ಅವನನ್ನು ನಂಬಲಿಲ್ಲ.

ಮತ್ತೆ ನಾನು? ಆ ದಿನ ನಾನು ಬಾಯಿ ಬಿಡಲಿಲ್ಲ. ನನ್ನ ತಪ್ಪು ಅಷ್ಟೇ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ.

ಕಳೆದ ವಾರ ಒಂದು ಮಧ್ಯಾಹ್ನ ಮಕ್ಕಳಿಗೆ ಗಿಟಾರ್ ಕಲಿಸುವ ಟೀಚರಮ್ಮ ಒಬ್ಬಳು ಬಂದಳು. ಮೂವತ್ತರ ಹುಡುಗಿ, ಮುಖದಲ್ಲಿ ನಗು ಕಡಿಮೆ. ಜೊತೆಗೆ ಆಟೋದವನು ಏದುಸಿರು ಬಿಡುತ್ತ ಒಂದು ಪೆಟ್ಟಿಗೆ ಹೊತ್ತು ತಂದ.

"ಸೆಕೆಂಡ್ ಹ್ಯಾಂಡ್ ತಗೊಂಡೆ ಸರ್. ಗೇನ್ ಗುಂಡಿ ಪೂರ್ತಿ ತಿರುಗಿಸಿದ್ರೂ ಸದ್ದು ಮೇಲೇಳಲ್ಲ. ಟೋನ್ ಅಂತೂ ಜ್ವರ ಬಿಟ್ಟು ಎದ್ದವರು ಮಾತಾಡಿದ ಹಾಗಿದೆ. ಮಾರಿದವನು ಮೋಸ ಮಾಡಿದ್ನಾ ಅಂತ ನಂಗೆ ಡೌಟು" ಎಂದಳು. ಹೇಳುತ್ತಲೇ ಪೆಟ್ಟಿಗೆಯ ಹಿಂಬದಿಗೆ ಬಗ್ಗಿ, ಒಂದೊಂದು ವಾಲ್ವಿನದೂ ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡಳು.

"ಅದ್ಯಾಕಮ್ಮಾ?" ಎಂದರು ನಮ್ಮವರು.

"ಸುಮ್ನೆ ಸರ್. ನಾಳೆ ಬದಲಾಗಿದ್ರೆ ಗೊತ್ತಾಗ್ಲಿ ಅಂತ."

ನನಗೆ ನಗು ತಡೆಯಲಾಗಲಿಲ್ಲ. ಅನುಮಾನಪ್ಪನಿಗೊಬ್ಬಳು ಅನುಮಾನಮ್ಮ! ನಮ್ಮವರಿಗೆ ಅವಮಾನವೂ ಆಯಿತು, ಒಳಗೊಳಗೇ ಮೆಚ್ಚುಗೆಯೂ ಆಯಿತು. ಚೀಟಿ ಬರೆಯುವಾಗ ಎರಡೆರಡು ಸಲ ಅವಳ ಮುಖ ನೋಡಿದರು.

ಅವಳು ಹೋದ ಮೇಲೆ ಪೆಟ್ಟಿಗೆಯ ಮುಂಭಾಗ ನನ್ನ ಕಣ್ಣಿಗೆ ಬಿತ್ತು. ಹೊರಗಿನ ತೊಗಲು ಕಪ್ಪಗಿತ್ತು, ಯಾರೋ ಹೊಸದಾಗಿ ಅಂಟಿಸಿದ್ದರು. ಆದರೆ ಸ್ಪೀಕರ್ ಮುಂದಿನ ಕಂದು ಬಟ್ಟೆಯ ಎಡಗಡೆ ಕೆಳಮೂಲೆಯಲ್ಲಿ ಬೆರಳಗಲದ ಒಂದು ತುಂಡು ಜೋಡಿಸಿತ್ತು. ಬಟ್ಟೆ ಸಾಲದೆ ಬಂದಾಗ ನಾನೇ ಜೋಡಿಸಿದ ತುಂಡು. ನನ್ನ ಹೊಲಿಗೆ ನನಗೆ ಗೊತ್ತಾಗುವುದಿಲ್ಲವೇ? ತಮ್ಮ ಆಟೋದಲ್ಲಿಟ್ಟು ಕೊಂಡೊಯ್ದಿದ್ದ ಅದೇ ಪೆಟ್ಟಿಗೆ.

ನಾನು ಹೇಳಲಿಲ್ಲ. ಹೇಳಿದ್ದರೆ ಅವರು ಮುಚ್ಚಳ ತೆಗೆಯುವ ಮೊದಲೇ ತೀರ್ಪು ಕೊಟ್ಟುಬಿಡುತ್ತಿದ್ದರು. ಅದೊಂದು ಕಾರಣ. ಇನ್ನೊಂದು, ನನಗೇ ಹೆದರಿಕೆ. ನನ್ನ ತಮ್ಮ ಕಳ್ಳನೋ ಅಲ್ಲವೋ ಎನ್ನುವುದಕ್ಕೆ ಉತ್ತರ ಆ ಪೆಟ್ಟಿಗೆಯೊಳಗೆ ಕೂತಿತ್ತು. ಹನ್ನೊಂದು ವರ್ಷ ಗೊತ್ತಿಲ್ಲದೆ ಬದುಕಿದ್ದೇನೆ. ಗೊತ್ತಾದ ಮೇಲೆ ಬದುಕಬೇಕಲ್ಲ!

ಮರುದಿನ ಅವರು ತಳದ ಹಲಗೆ ಬಿಚ್ಚಿದರು. ಬಿಚ್ಚಿದವರು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟರು. ನಾನು ಸೂಜಿಗೆ ದಾರ ಪೋಣಿಸುವಂತೆ ಮಾಡುತ್ತ ಕನ್ನಡಿಯಲ್ಲಿ ನೋಡಿದೆ. ಒಳಗೆಲ್ಲ ಕೆಂಪು ಚುಕ್ಕಿಗಳು. ಅವರೂ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದರು.

"ಇದು ಅದೇ."

"ಯಾವುದು?"

"ನಾಟಕ ಆಡ್ಬೇಡ. ನಿನ್ನೆಯಿಂದ ನೀನು ಒಂದು ಗವಸೂ ಮುಗಿಸಿಲ್ಲ. ನಿಂಗೆ ಗೊತ್ತಿತ್ತು."

ವಾಲ್ವ್‌ಗಳನ್ನು ಒಂದೊಂದಾಗಿ ಕಿತ್ತು ಬೆಳಕಿಗೆ ಹಿಡಿದರು. ಬರಿಯ ಗಾಜು, ಒಂದಕ್ಷರವಿಲ್ಲ. "ನೋಡು, ನಿನ್ನ ತಮ್ಮನ ಕೈಚಳಕ" ಎಂದು ನನ್ನ ಮುಂದೆ ಸಾಲಾಗಿ ಇಟ್ಟರು.

ಆದರೆ ವಾಲ್ವ್ ಪರೀಕ್ಷಿಸುವ ಟೆಸ್ಟರಿಗೆ ಹಾಕಿದರೆ ನಾಲ್ಕಕ್ಕೆ ನಾಲ್ಕೂ ಮುಳ್ಳನ್ನು ಒಳ್ಳೆಯ ಕಡೆಗೇ ಎಳೆದವು. ನಮ್ಮವರು ಟೆಸ್ಟರಿನ ತಲೆಗೆ ಮೊಟಕಿ ಮತ್ತೆ ಹಾಕಿದರು. ಮತ್ತೆ ಅದೇ. "ಈ ಟೆಸ್ಟರ್ ಮೇಲೇ ನಂಗೆ ಅನುಮಾನ" ಎಂದರು. ಕಪಾಟಿನಿಂದ ತಮ್ಮದೇ ನಂಬಿಕೆಯ ವಾಲ್ವ್‌ಗಳನ್ನು ತಂದು ಕೂರಿಸಿದರು. ಪೆಟ್ಟಿಗೆಯ ದನಿ ಹಾಗೆಯೇ ತೆಳ್ಳಗೆ, ಸಪ್ಪೆಯಾಗಿ ಬಂತು. ಅಲ್ಲಿಗೆ ತಪ್ಪು ವಾಲ್ವ್‌ನದಲ್ಲ ಎಂದಾಯಿತು.

"ಇವು ಯಾರೋ ಆಮೇಲೆ ಹಾಕಿರೋ ಒಳ್ಳೇ ವಾಲ್ವ್ ಇರ್ಬೇಕು. ಅವನು ಹಾಕಿದ್ದು ಕಸವೇ" ಎಂದರು.

"ಹೂಂ ರೀ, ಕಾಮಾಲೆ ಕಣ್ಣಿಗೆ ಕಂಡಿದ್ದೆಲ್ಲ ಹಳದಿ" ಎಂದೆ. ಹೇಳಿದೆನೇ ಹೊರತು ನನ್ನೊಳಗೂ ಅದೇ ಹುಳ ಕೊರೆಯುತ್ತಿತ್ತು. ಇದ್ದರೂ ಇರಬಹುದಲ್ಲ?

ಒಂದು ಮಾತು ಇಲ್ಲಿ ಹೇಳಿಬಿಡುತ್ತೇನೆ. ಹಳೆಯ ವಾಲ್ವ್‌ಗಳ ಬುಡದ ಗಾಜಿನಲ್ಲಿ ಒರೆಸಿದರೂ ಹೋಗದ ಸಣ್ಣ ಅಂಕಿ ಕೊರೆದಿರುತ್ತದೆ. ಗಿರಾಕಿಗಳು ನಾಳೆ ತಕರಾರು ತೆಗೆಯಬಾರದೆಂದು ನಮ್ಮವರು ಬಂದ ದಿನವೇ ಆ ಅಂಕಿಗಳನ್ನು ರಿಜಿಸ್ಟರಿನಲ್ಲಿ ಬರೆದಿಡುತ್ತಾರೆ. ಹನ್ನೊಂದು ವರ್ಷದ ಹಿಂದಿನ ರಿಜಿಸ್ಟರು ತಲೆಯ ಮೇಲಿನ ಅಟ್ಟದಲ್ಲೇ ಇತ್ತು. ಕುರ್ಚಿ ಹಾಕಿ ಕೈ ಚಾಚಿದ್ದರೆ ಒಂದು ನಿಮಿಷದಲ್ಲಿ ಇತ್ಯರ್ಥ. ಅವರು ಚಾಚಲಿಲ್ಲ. ನಾನೂ ಚಾಚಿ ಎನ್ನಲಿಲ್ಲ.

ಅದರ ಬದಲು ಎರಡು ದಿನ ಉಳಿದದ್ದನ್ನೆಲ್ಲ ಅನುಮಾನಿಸಿದರು. ಗಿಟಾರಿನ ವೈರು ಬದಲಿಸಿದರು, ಬೇರೆ ಸ್ಪೀಕರ್ ಜೋಡಿಸಿದರು, ವಾಲ್ವ್ ಕೂರುವ ತೂತುಗಳನ್ನೆಲ್ಲ ತಿಕ್ಕಿ ತೊಳೆದರು. ಎಡಗೈಯನ್ನು ಬೆನ್ನ ಹಿಂದೆ ಕಟ್ಟಿ, ಬಲಗೈಯೊಂದರಲ್ಲೇ ಮೀಟರಿನ ಕಡ್ಡಿ ಹಿಡಿದು ಒಂದೊಂದು ಕಡೆ ವೋಲ್ಟೇಜ್ ನೋಡಿದರು. ಆ ಪೆಟ್ಟಿಗೆಯೊಳಗೆ ಎರಡು ಕೈ ಹಾಕಿದವನು ಎರಡನೇ ಸಲ ಹಾಕಲು ಇರುವುದಿಲ್ಲ ಎಂದು ಅವರೇ ಹೇಳುವುದು.

"ವೋಲ್ಟೇಜ್ ಎಲ್ಲ ನೆಟ್ಟಗಿದೆ, ವಾಲ್ವ್ ನೆಟ್ಟಗಿದೆ, ದನಿ ಮಾತ್ರ ಇಲ್ಲ. ಎಂಥಾ ಪಿಶಾಚಿ ಇದು!" ಎಂದು ತಲೆ ಕೆರೆದುಕೊಂಡರು.

ಮೂರನೇ ದಿನ ಬೆಳಗ್ಗೆ ಟೀಚರಮ್ಮ ಗಿಟಾರ್ ಹೆಗಲಿಗೆ ಹಾಕಿಕೊಂಡೇ ಬಂದಳು. ಬಂದವಳು ಮೊದಲು ಮೊಬೈಲ್ ತೆಗೆದು ವಾಲ್ವ್‌ಗಳನ್ನು ಫೋಟೋಗೆ ತಾಳೆ ನೋಡಿದಳು. ಬರಿಯ ಗಾಜಿಗೂ ಬರಿಯ ಗಾಜಿಗೂ ಅದೇನು ತಾಳೆಯೋ!

"ಬಂದದ್ದು ಒಳ್ಳೇದಾಯ್ತು. ನುಡಿಸ್ತಾ ಇರಮ್ಮ, ನಿಲ್ಲಿಸ್ಬೇಡ" ಎಂದರು ನಮ್ಮವರು. ಅವಳು ಸ್ಟೂಲಿನ ಮೇಲೆ ಕೂತು ಅವವೇ ತಂತಿಗಳನ್ನು ಮೇಲಿಂದ ಮೇಲೆ ಮೀಟತೊಡಗಿದಳು. ಇವರು ಒಣಗಿದ ಮರದ ಕಡ್ಡಿಯೊಂದರಿಂದ ಒಳಗಿನ ಬೆಸುಗೆಗಳನ್ನು ತಟ್ಟುತ್ತ ಹೋದರು. ಎಲ್ಲಾದರೂ ಸಡಿಲವಿದ್ದರೆ ತಟ್ಟಿದಾಗ ದನಿ ಕೆಮ್ಮಬೇಕು. ಬೆಳ್ಳಿಯ ಬಣ್ಣದ ಬೆಸುಗೆ, ಟಕ್. ಪಕ್ಕದ್ದು, ಟಕ್. ಕೆಂಪು ಚುಕ್ಕಿ ಬಂತು, ಹಾರಿಸಿದರು. ಮತ್ತೆ ಬೆಳ್ಳಿ, ಟಕ್. ಮತ್ತೆ ಕೆಂಪು, ಹಾರಿಸಿದರು.

ನಾನು ಮೆಷೀನು ನಿಲ್ಲಿಸಿ ಎದ್ದು ಬಂದೆ.

"ಅದನ್ನೂ ತಟ್ಟಿ."

"ಅದು ನಂದು."

"ನಿಮ್ದಾದ್ರೆ ತಟ್ಟಬಾರ್ದಾ?"

"ಲೇ, ನಾನು ಮಾಡಿದ್ದು ಅದು. ಮೊಹರು ನೋಡು, ಒಂದು ಬಿರುಕಿಲ್ಲ. ನಿನ್ನ ಹೊಲಿಗೆ ನೋಡ್ಕೋ ಹೋಗು."

ನನಗೆ ಎಲ್ಲಿತ್ತೋ ಆ ಸಿಟ್ಟು. ಅವರ ಕೈಯಿಂದ ಕಡ್ಡಿ ಕಿತ್ತುಕೊಂಡೆ. ಮೂವತ್ತಾರು ವರ್ಷ ನೋಡಿದ್ದೇನಲ್ಲ, ಎಡಗೈ ತಾನಾಗಿ ಬೆನ್ನ ಹಿಂದೆ ಹೋಯಿತು. ಮೊದಲ ಕೆಂಪು ಚುಕ್ಕಿ ತಟ್ಟಿದೆ, ಏನೂ ಇಲ್ಲ. ಎರಡನೆಯದು, ಏನೂ ಇಲ್ಲ. ನಮ್ಮವರು ಮೂಗಿನಲ್ಲೇ ನಕ್ಕರು. ಮೂರನೆಯದು ಮೊದಲ ವಾಲ್ವಿನ ಬುಡದ ಹತ್ತಿರವಿತ್ತು, ಬೆರಳಿನಷ್ಟು ಉದ್ದದ ಒಂದು ಕೆಪಾಸಿಟರಿನ ಕಾಲು. ಅದರ ಮೇಲೆ ಕಡ್ಡಿ ಊರಿದೆ.

ಪೆಟ್ಟಿಗೆ ಘರ್ಜಿಸಿತು. ಕಪಾಟಿನ ಗಾಜು ಝಲ್ಲೆಂದಿತು. ಟೀಚರಮ್ಮ ಬೆಚ್ಚಿ ಕೈ ತೆಗೆದವಳು, ಮತ್ತೆ ಮೀಟಿದಳು. ತುಂಬಿದ, ದಪ್ಪನೆಯ ದನಿ. ಕಡ್ಡಿ ಎತ್ತಿದೆ, ಮತ್ತೆ ಜ್ವರ ಬಿಟ್ಟು ಎದ್ದವರ ದನಿ. ಊರಿದೆ, ಘರ್ಜನೆ.

"ಆಂಟಿ! ಅಲ್ಲೇ, ಅಲ್ಲೇ ಇದೆ!" ಎಂದು ಅವಳು ಕೂಗಿದಳು. ಮೊದಲ ಸಲ ನಕ್ಕಳು.

ನಮ್ಮವರು ನಗಲಿಲ್ಲ. ಸ್ವಿಚ್ ಆರಿಸಿ, ಒಳಗೆ ಉಳಿದ ಕರೆಂಟನ್ನು ಇಳಿಸಿ, ಕನ್ನಡಕ ಏರಿಸಿಕೊಂಡು ಆ ಚುಕ್ಕಿಯನ್ನು ಸೂಜಿಯಿಂದ ಕೆರೆದರು. ಕೆಂಪು ಪುಡಿ ಉದುರಿತು. ಅದರಡಿಯಲ್ಲಿ ಬೆಸುಗೆಯೇ ಇರಲಿಲ್ಲ. ತಂತಿಯನ್ನು ತೂತಿಗೆ ತೂರಿಸಿ ಬಗ್ಗಿಸಿತ್ತು, ಅಷ್ಟೆ. ಸೀಸ ಇರಬೇಕಾದಲ್ಲಿ ನನ್ನ ನೈಲ್ ಪಾಲಿಶ್ ಇತ್ತು. ಅಂಗಡಿಯಲ್ಲಿ ಪರೀಕ್ಷಿಸಿದಾಗ ತಂತಿ ತಾಗಿಕೊಂಡಿತ್ತು, ದನಿ ಚೆನ್ನಾಗಿಯೇ ಬಂದಿತ್ತು. ಆಟೋದಲ್ಲಿ ಕುಲುಕಿ, ವಾದ್ಯತಂಡದವರ ಕೈಯಲ್ಲಿ ಎತ್ತಿ ಇಳಿದು, ಎರಡು ವಾರದಲ್ಲಿ ಬಿಟ್ಟುಕೊಂಡಿತ್ತು.

"ಅವತ್ತು ಮಧ್ಯದಲ್ಲಿ ಕರೆಂಟ್ ಹೋಗಿತ್ತು" ಎಂದರು, ಯಾರಿಗೂ ಅಲ್ಲದ ಹಾಗೆ. "ಬೆಸುಗೆ ಹಾಕೋ ಕಡ್ಡಿ ತಣ್ಣಗಾಯ್ತು. ಕರೆಂಟ್ ಬಂದ್ಮೇಲೆ ಎಲ್ಲ ಆಗಿದೆ ಅಂದ್ಕೊಂಡು ಚುಕ್ಕಿ ಇಟ್ಕೊಂಡು ಹೋದೆ."

ನಾನು ಕುರ್ಚಿ ಹಾಕಿದೆ. ಅಟ್ಟದಿಂದ ರಿಜಿಸ್ಟರು ಇಳಿಸಿದೆ. ಅವರು ಭೂತಗನ್ನಡಿ ಹಿಡಿದು ವಾಲ್ವಿನ ಬುಡದ ಅಂಕಿಗಳನ್ನು ಓದಿದರು, ನಾನು ಪುಟದಲ್ಲಿ ಬೆರಳಿಟ್ಟು ನೋಡಿದೆ. ಒಂದು ಸರಿ. ಎರಡು ಸರಿ. ಮೂರು, ನಾಲ್ಕು. ಅವೇ ವಾಲ್ವ್‌ಗಳು. ಯಾರೂ ಏನೂ ಬದಲಿಸಿರಲಿಲ್ಲ. ಒದ್ದೆ ಬಟ್ಟೆಗೆ ಅಕ್ಷರ ಅಳಿಸಿತ್ತು, ಅವನು ಹೇಳಿದ ಹಾಗೆಯೇ.

"ಒರೆಸಿದ್ರೆ ಅಕ್ಷರ ಹೋಗುತ್ತೆ ಅಂತ ನಿಮಗೆ ಗೊತ್ತಿರ್ಲಿಲ್ವಾ?" ಎಂದು ಕೇಳಿದೆ.

"ಗೊತ್ತಿತ್ತು."

"ಮತ್ತೆ?"

"ಸದ್ದು ಕಮ್ಮಿಯಾಗಿತ್ತಲ್ಲೇ. ನಂದು ತಪ್ಪಿಲ್ಲ ಅಂದ್ಮೇಲೆ ಯಾರ್ದಾದ್ರೂ ಇರ್ಬೇಕಿತ್ತು."

ಟೀಚರಮ್ಮ ಪಾಪ, ಏನೂ ಅರ್ಥವಾಗದೆ ಒಮ್ಮೆ ಇವರನ್ನು ಒಮ್ಮೆ ನನ್ನನ್ನು ನೋಡುತ್ತಿದ್ದಳು. ನಮ್ಮವರು ಹೊಸ ಕೆಪಾಸಿಟರ್ ಹಾಕಿ, ಬೆಸುಗೆ ಹಾಕಿ, ಅವಳನ್ನೇ ಕರೆದು ಕಡ್ಡಿ ಕೊಟ್ಟು ತಟ್ಟಿಸಿದರು. ಚುಕ್ಕಿ ಇಡಲಿಲ್ಲ. ಅವಳು ಎರಡು ಹಾಡು ನುಡಿಸಿ, ಖುಷಿಯಾಗಿ ಪೆಟ್ಟಿಗೆ ತೆಗೆದುಕೊಂಡು ಹೋದಳು.

ಹಳೆಯ ಕೆಪಾಸಿಟರನ್ನು ನಮ್ಮವರು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು. "ಚಪ್ಪಲಿ ಹಾಕ್ಕೋ" ಎಂದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ.

ತಮ್ಮನ ಅಂಗಡಿ ಎಂದರೆ ಎರಡು ಹೆಜ್ಜೆ ಅಗಲದ ಗೂಡು. ಗೋಡೆ ತುಂಬ ಬೀಗದ ಕೈಗಳು ಮೊಳೆಗಳಿಗೆ ತೂಗಾಡುತ್ತಿದ್ದವು. ಅವನ ಕಿವಿಯ ಪಕ್ಕದಲ್ಲಿ ಕೂದಲು ಬೆಳ್ಳಗಾಗಿತ್ತು. ನಮ್ಮನ್ನು ಕಂಡು ಕೈಯಲ್ಲಿದ್ದ ಅರವನ್ನು ಕೆಳಗಿಟ್ಟ. ಅವನ ಹಿಂದೆ ಕುರ್ಚಿಗೆ ಅದೇ ಕ್ಯಾನ್ವಾಸ್ ಚೀಲ ನೇತು ಹಾಕಿತ್ತು, ನಾನೇ ಹೊಲಿದುಕೊಟ್ಟದ್ದು.

ನಮ್ಮವರು ಕಾಗದ ಬಿಚ್ಚಿ ಅವನ ಮುಂದಿಟ್ಟರು. ತಂತಿಯ ತುದಿಯಲ್ಲಿ ಕೆಂಪು ಚೂರು ಇನ್ನೂ ಅಂಟಿಕೊಂಡಿತ್ತು.

"ಆ ಪೆಟ್ಟಿಗೆ ಬಂದಿತ್ತು ಕಣೋ. ಬೆಸುಗೆನೇ ಹಾಕಿರ್ಲಿಲ್ಲ ನಾನು. ನಾಲ್ಕು ವಾಲ್ವೂ ಅವೇ. ತಪ್ಪು ನಂದು. ನಿನ್ನನ್ನ ಕಳ್ಳ ಅಂದೆ" ಎಂದರು. ನನ್ನ ಗಂಡ ಒಂದೇ ಉಸಿರಿನಲ್ಲಿ ಅಷ್ಟು ಮಾತು, ಒಂದೂ ಆದರೆ ಗೀದರೆ ಇಲ್ಲದೆ, ಆಡಿದ್ದನ್ನು ನಾನು ಕೇಳಿರಲಿಲ್ಲ.

ತಮ್ಮ ಆ ತಂತಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದ. ಆಮೇಲೆ, "ಬಿಡಿ ಭಾವ. ನಿಮ್ಮ ವಿಷಯ ನಂಗೆ ಗೊತ್ತಿಲ್ವಾ? ನೀವು ನಿಮ್ಮ ನೆರಳಿಗೂ ಲೆಕ್ಕ ಕೇಳೋರು. ಅದಕ್ಕೆ ನಾನು ಮನೆ ಬಿಟ್ಟಿದ್ದಲ್ಲ" ಎಂದ.

"ಮತ್ಯಾಕೆ?" ಎಂದೆ ನಾನು.

ಅವನು ನನ್ನ ಮುಖ ನೋಡಿದ.

"ಅಕ್ಕಾ, ಅವತ್ತು ನಾನು ಮುಖ ತೊಳೆಯೋಕೆ ಹಿತ್ತಲಿಗೆ ಹೋದಾಗ ಯಾರೋ ನನ್ನ ಚೀಲ ಬಿಚ್ಚಿ ನೋಡಿದ್ರು. ಭಾವ ನೋಡಿದ್ರೆ ಬೈದು ಸುಮ್ನಾಗ್ತಿದ್ದೆ. ಆದ್ರೆ ಒಳಗಿದ್ದ ಅಂಗೀನ ಎರಡೂ ಅಂಚು ಒಳಗೆ ಸೇರಿಸಿ, ಮೂರು ಮಡಿಕೆ ಮಾಡಿ ಇಟ್ಟಿದ್ರು."

ಬೀದಿಯಲ್ಲಿ ಬಸ್ಸೊಂದು ಹಾರನ್ ಹೊಡೆಯುತ್ತ ಹೋಯಿತು. ನಮ್ಮವರು ನನ್ನ ಕಡೆ ತಿರುಗಿದರು. ಅವರ ಕಣ್ಣಲ್ಲಿ ಅನುಮಾನ ಇರಲಿಲ್ಲ, ಬರಿಯ ಆಶ್ಚರ್ಯ ಇತ್ತು. ಮೂವತ್ತಾರು ವರ್ಷದಲ್ಲಿ ಅವರು ಎಂದೂ ಅನುಮಾನಿಸದ ಒಂದೇ ವಿಷಯ ತಮ್ಮನ ಮೇಲೆ ನನಗಿದ್ದ ನಂಬಿಕೆಯಾಗಿತ್ತೇನೋ.

ಹೌದು, ನಾನೇ. ಬಾಯಿ ಬಿಡಲಿಲ್ಲ ಎನ್ನುವುದಷ್ಟೇ ನನ್ನ ತಪ್ಪಲ್ಲ. ನಾನು ಬೆತ್ತದ ಕುರ್ಚಿಯ ಮೇಲಿದ್ದ ಅವನ ಚೀಲ ಬಿಚ್ಚಿ, ಅಂಗಿಯ ಮಡಿಕೆಗಳ ನಡುವೆ ಗಾಜಿನ ಬುರುಡೆ ಹುಡುಕಿದ್ದೆ. ಏನೂ ಸಿಗಲಿಲ್ಲ. ಎಲ್ಲೋ ಮಾರಿರಬೇಕು ಅಂದುಕೊಂಡೆ. ಗಂಡನನ್ನು ಅನುಮಾನಪ್ಪ ಎಂದು ಹನ್ನೊಂದು ವರ್ಷ ಚುಚ್ಚಿದವಳು ನಾನು.

"ನಾನೇ ಕಣೋ ನೋಡಿದ್ದು" ಎಂದೆ. "ನಾನು ನಿನ್ನನ್ನ ನಂಬ್ಲಿಲ್ಲ."

"ಇದೊಂದು ಮಾತಿಗೆ ಕಾಯ್ತಿದ್ದೆ" ಎಂದ. ಬಯ್ಯಲಿಲ್ಲ. ನಾನು ಅತ್ತದ್ದಕ್ಕೆ ಸಮಾಧಾನವನ್ನೂ ಮಾಡಲಿಲ್ಲ. ಅಷ್ಟರಲ್ಲಿ ಯಾರೋ ಬಂದು ಮನೆಯ ಬೀಗದ ಕೈ ಅವನ ಮುಂದಿಟ್ಟು, ಎರಡು ಮಾಡಿಡಪ್ಪಾ ಎಂದು ಹೇಳಿ, ತಿರುಗಿಯೂ ನೋಡದೆ ಹೋದರು. ಅವನು ಅದನ್ನು ಮಾಡಿ ಮುಗಿಸುವ ತನಕ ನಾವಿಬ್ಬರೂ ಅವನ ಬೆಂಚಿನ ಮೇಲೆ ಕೂತಿದ್ದೆವು.

ನಾವು ಹೊರಡುವಾಗ ಕುರ್ಚಿಯಿಂದ ಆ ಕ್ಯಾನ್ವಾಸ್ ಚೀಲ ತೆಗೆದು ನನ್ನ ಕೈಗೆ ಕೊಟ್ಟ. ಭಾರವಾಗಿತ್ತು.

"ಜಿಪ್ ಹಾಳಾಗಿದೆ ಅಕ್ಕ, ಹೊಸದು ಹಾಕ್ಕೊಡು. ಭಾನುವಾರ ಮನೆಗೆ ಬಂದು ತಗೊಳ್ತೀನಿ."

"ಒಳಗಿರೋದು ತೆಗೀಬೇಡ್ವೇನೋ?"

"ಇರ್ಲಿ ಬಿಡು. ನೀನೇ ತೆಗೆದಿಡು."

ಚೀಲ ಈಗ ನನ್ನ ಮೆಷೀನಿನ ಪಕ್ಕದಲ್ಲಿದೆ. ಹೊಸ ಜಿಪ್ಪು ತಂದಿಟ್ಟು ನಾಲ್ಕು ದಿನವಾಯಿತು, ನಾಳೆ ಭಾನುವಾರ. ನಮ್ಮವರು ಕನ್ನಡಿಯಲ್ಲಿ ಆಗಾಗ ನೋಡುತ್ತಾರೆ, ಏನೂ ಕೇಳುವುದಿಲ್ಲ. ನಾನಿನ್ನೂ ಅದನ್ನು ಬಿಚ್ಚಿಲ್ಲ.